ಹಳೇ ಲಾನ್ ಟ್ರ್ಯಾಕ್ಟರಿಗೆ ಮೂರು ಥರದ ಬೆಲ್ಟ್ ಹಾಕಿ ನೋಡಿದೆ

ಒಹಾಯೋದಲ್ಲಿ ಮನೆ ಕೊಂಡಾಗ ಹಿಂದಿನವರು ಗ್ಯಾರೇಜಿನಲ್ಲೇ ಬಿಟ್ಟುಹೋದ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಇದು. ಬ್ಲೇಡ್ ಇರುವ ತಳದ ತಗಡಿನ ಪೆಟ್ಟಿಗೆ, ಅಂದರೆ ಡೆಕ್, 42 ಇಂಚಿನದು, ವಯಸ್ಸು 20 ದಾಟಿದೆ. ಇಂಜಿನ್ ಗಟ್ಟಿಮುಟ್ಟಾಗಿದೆ, ಕಾಟವೆಲ್ಲ ಬೆಲ್ಟಿನದೇ. ಬ್ಲೇಡ್ ತಿರುಗಿಸುವ ಬೆಲ್ಟನ್ನು ನಾಲ್ಕು ವರ್ಷದಲ್ಲಿ ಮೂರು ಥರದ್ದು ಹಾಕಿ ನೋಡಿದ್ದೇನೆ.

ಮೊದಲು ತಂದದ್ದು 14 ಡಾಲರಿನದು. ಒಳಗೆ ಪಾಲಿಯೆಸ್ಟರ್ ದಾರ, ಹೊರಗೆ ಬಟ್ಟೆಯ ಸುತ್ತು. ಅದನ್ನು ತರುವಾಗಲೇ ಒಂದು ಸಲ ಮೋಸಹೋದೆ. ನನಗೆ ಬೇಕಿದ್ದದ್ದು 4ಎಲ್950 ನಂಬರಿನ ಬೆಲ್ಟ್, ಅಂದರೆ ಹೊರಸುತ್ತಿನ ಅಳತೆ 95 ಇಂಚು. ನಾನು ಎ95 ಅಂತ ಬರೆದದ್ದನ್ನು ಎತ್ತಿಕೊಂಡು ಬಂದೆ. ಎ ನಂಬರಿನಲ್ಲಿ ಹೇಳುವುದು ಒಳಸುತ್ತು, ಹಾಗಾಗಿ ಅದು ಹೆಚ್ಚುಕಡಿಮೆ ಎರಡು ಇಂಚು ಉದ್ದವಾಯಿತು, ಬೆಲ್ಟ್ ಬಿಗಿ ಮಾಡುವ ಸ್ಪ್ರಿಂಗ್ ಕೊನೆವರೆಗೂ ಎಳೆದರೂ ಜೋತಾಡುತ್ತಿತ್ತು. ಹಳೇ ಬೆಲ್ಟನ್ನು ಟೇಪಿನಲ್ಲಿ ಅಳೆದು ಹೋಗಬೇಡಿ, ಅದು ಆಗಲೇ ಹಿಗ್ಗಿರುತ್ತದೆ. ಟ್ರ್ಯಾಕ್ಟರಿನ ಪಾರ್ಟ್ ನಂಬರ್ ನೋಡಿ ಅಳತೆ ತಿಳಿದುಕೊಳ್ಳಿ.

ಸರಿಯಾದ ಅಳತೆಯದು ಹಾಕಿದ ಮೇಲೆ ಒಂದೆರಡು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಹಿಗ್ಗಿತು. ಒದ್ದೆ ಹುಲ್ಲು ಬಂದರೆ ಸಾಕು, ಜಾರಿ ಕಿರ್ ಅನ್ನುತ್ತಿತ್ತು, ಹಿಂದೆ ತಿರುಗಿ ನೋಡಿದರೆ ಅಲ್ಲಲ್ಲಿ ಜುಟ್ಟು ಬಿಟ್ಟ ಹಾಗೆ ಹುಲ್ಲು. ಊರಲ್ಲಿ ಹಿಟ್ಟಿನ ಗಿರಣಿಯವರು ಪಟ್ಟಾ ಜಾರಿದರೆ ರಾಳ ಹಚ್ಚುತ್ತಿದ್ದರಲ್ಲ, ಆ ನೆನಪಲ್ಲಿ ಬೆಲ್ಟಿಗೆ ಅಂಟಿನ ಸ್ಪ್ರೇ ಹೊಡೆದೆ. ದಡ್ಡತನ. ಹುಲ್ಲಿನ ಪುಡಿಯೆಲ್ಲ ಮೆತ್ತಿಕೊಂಡು ಇನ್ನೂ ಹಾಳಾಯಿತು.

ಎರಡನೆಯದು ಕಾರಿಗೆ ಹಾಕುವ ಥರದ್ದು, ಒಳಮೈಯಲ್ಲಿ ಹಲ್ಲು ಹಲ್ಲು, ಪಕ್ಕಕ್ಕೆ ಬಟ್ಟೆ ಇಲ್ಲದ ಬರೀ ರಬ್ಬರು. 22 ಡಾಲರು. ಹಿಡಿತ ಅಂದರೆ ಹಿಡಿತ, ಮೊಣಕಾಲುದ್ದ ಹುಲ್ಲಿಗೂ ಜಾರಲಿಲ್ಲ. ಆದರೆ ಈ ಟ್ರ್ಯಾಕ್ಟರಿನಲ್ಲಿ ಬೇರೆ ಕ್ಲಚ್ ಇಲ್ಲ. ಬ್ಲೇಡ್ ನಿಲ್ಲಿಸೋಕೆ ಲಿವರ್ ಇಳಿಸಿದಾಗ ಬೆಲ್ಟ್ ಸಡಿಲವಾಗಿ ಇಂಜಿನ್ ಪುಲ್ಲಿಯ ಮೇಲೆ ಸುಮ್ನೆ ಜಾರಬೇಕು, ಅದೇ ಕ್ಲಚ್. ಬರೀ ರಬ್ಬರು ಜಾರುವುದೇ ಇಲ್ಲ, ಕಚ್ಚಿಕೊಳ್ಳುತ್ತದೆ. ಲಿವರ್ ಇಳಿಸಿದ ಮೇಲೂ ಬ್ಲೇಡ್ ಬ್ರೇಕಿಗೆ ಉಜ್ಜಿಕೊಂಡು ನಿಧಾನಕ್ಕೆ ತಿರುಗುತ್ತಲೇ ಇತ್ತು, ರಬ್ಬರ್ ಸುಟ್ಟ ವಾಸನೆ ಬೇರೆ. ಮಗಳು ಚೆಂಡು ತೆಗೆದುಕೊಳ್ಳೋಕೆ ಆ ಕಡೆ ಓಡಿ ಬಂದಳು. ಕೈಕಾಲು ತಣ್ಣಗಾಯಿತು. ಅದೇ ಸಂಜೆ ಕಿತ್ತು ಎಸೆದೆ. ಎಷ್ಟು ಗಟ್ಟಿ ಇದ್ದರೂ ಈ ಜಾತಿಯದು ಇಂಥ ಟ್ರ್ಯಾಕ್ಟರಿಗೆ ಬೇಡವೇ ಬೇಡ.

ಈಗ ಇರುವುದು ಮೂರನೆಯದು, 38 ಡಾಲರಿನ ಅರಾಮಿಡ್ ದಾರದ ಬೆಲ್ಟ್. ಗುಂಡು ತಡೆಯುವ ಜಾಕೆಟ್ಟಿನ ಕೆವ್ಲಾರ್ ಇದೇ ಜಾತಿಯದು. ಹೊರಗೆ ಒಣ ಬಟ್ಟೆಯ ಸುತ್ತು ಇರುವುದರಿಂದ ಜಾರಬೇಕಾದಾಗ ಜಾರುತ್ತದೆ, ಹಿಡಿಯಬೇಕಾದಾಗ ಹಿಡಿಯುತ್ತದೆ. ಇದು ಮೂರನೇ ಬೇಸಿಗೆ, ಪಕ್ಕಗಳಿಗೆ ಇನ್ನೂ ಸವೆದ ಹೊಳಪು ಬಂದಿಲ್ಲ. ಹಿಗ್ಗುವುದಿಲ್ಲವಾದ್ದರಿಂದ ಹಾಕುವಾಗ ಮಾತ್ರ ಒದ್ದಾಟ. ಪುಲ್ಲಿಗೆ ಕೂರಿಸೋಕೆ ಅಂತ ಇದನ್ನು ಮಡಚಬಾರದು, ಒಳಗಿನ ದಾರ ಮುರಿದರೆ ಹೊರಗೆ ಗೊತ್ತೇ ಆಗುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಮೂರನೆಯದನ್ನು ಹಾಕುವಾಗ ಸ್ಪಾರ್ಕ್ ಪ್ಲಗ್ ವೈರ್ ಕಿತ್ತು, ಡೆಕ್ ಇಳಿಸಿ, ಪುಲ್ಲಿಗಳನ್ನೆಲ್ಲ ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ನೋಡಿದೆ. ಬೆಲ್ಟ್ ಬಿಗಿ ಮಾಡುವ ಪುಲ್ಲಿ ಗರಗರ ಅಂತು. ಬೇರಿಂಗಿನಲ್ಲಿ ಗ್ರೀಸ್ ಒಣಗಿ ತುಕ್ಕಿನ ಪುಡಿ ಉದುರುತ್ತಿತ್ತು. ಅದನ್ನೂ ಬದಲಾಯಿಸಿದೆ. ಹಾಗಾಗಿ 14 ಡಾಲರಿನದರ ಮೇಲೆ ಪೂರ್ತಿ ತಪ್ಪು ಹೊರಿಸೋಕೆ ಆಗುವುದಿಲ್ಲ, ಅರ್ಧ ಪಾಪ ಆ ಬೇರಿಂಗಿನದೂ ಇರಬಹುದು. ಇಂಜಿನ್ ಪುಲ್ಲಿಯ ತಳವನ್ನೂ ಟಾರ್ಚ್ ಹಾಕಿ ನೋಡಿ. ಬೆಲ್ಟ್ ಹಿಡಿಯಬೇಕಾದ್ದು ಪಕ್ಕಗಳಿಂದ, ತಳ ಹೊಳೆಯುತ್ತಿದ್ದರೆ ಬೆಲ್ಟೋ ಪುಲ್ಲಿಯೋ ಸವೆದಿದೆ ಅಂತ ಅರ್ಥ.

ಚಕ್ರಕ್ಕೆ ಹೋಗುವ ಇನ್ನೊಂದು ಬೆಲ್ಟಿಗೆ ಈ ಪ್ರಯೋಗ ಮಾಡಲಿಲ್ಲ, ಅದನ್ನು ಬಿಚ್ಚಿ ಹಾಕೋಕೆ ಒಂದು ಮಧ್ಯಾಹ್ನ ಪೂರ್ತಿ ಬೇಕು, ನೇರ ಅರಾಮಿಡ್ಡನ್ನೇ ಹಾಕಿದೆ. 14 ಡಾಲರಿನದು ಇನ್ನೊಂದು ತಂದು ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದೇನೆ. ಶನಿವಾರ ಬೆಳಿಗ್ಗೆ ಅರ್ಧ ಹುಲ್ಲು ಕತ್ತರಿಸಿದ ಮೇಲೆ ಈಗಿನದು ಪಟ್ ಅಂದರೆ ಉಳಿದರ್ಧ ಮುಗಿಸಬೇಕಲ್ವಾ.