ಡ್ರೈನ್ ಬೋಲ್ಟ್ ಬಿಚ್ಚದೆ ನಾಲ್ಕು ವರ್ಷ: ಕೈಪಂಪ್ ಆಯಿಲ್ ಎಕ್ಸ್‌ಟ್ರಾಕ್ಟರ್ ಬಳಸಿದ ಅನುಭವ

ಕಾರಿನ ಹಳೇ ಇಂಜಿನ್ ಆಯಿಲನ್ನ ಮೇಲಿಂದಲೇ ಎಳೆಯೋ ಈ ಎಕ್ಸ್‌ಟ್ರಾಕ್ಟರನ್ನ ನಾನು ತಗೊಂಡಿದ್ದೇ ಒಂದು ಬೋಲ್ಟ್ ಮೇಲಿನ ಸಿಟ್ಟಿಗೆ. 2021ರಲ್ಲಿ ಒಂದು ಸರ್ವಿಸ್ ಸೆಂಟರಲ್ಲಿ ಆಯಿಲ್ ಚೇಂಜ್ ಮಾಡಿದ ಹುಡುಗ, ಹಳೇ ಆಯಿಲ್ ಕೆಳಗಿಂದ ಇಳಿಸೋ ಡ್ರೈನ್ ಬೋಲ್ಟನ್ನ ಏರ್ ಗನ್ನಲ್ಲೇ ಬಿಗಿದುಬಿಟ್ಟಿದ್ದ, ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಅಲ್ಯೂಮಿನಿಯಂದು, ಥ್ರೆಡ್ ಹೋಯ್ತು. ನಂಗೆ ಗೊತ್ತಾಗಿದ್ದು ಹತ್ತು ದಿನ ಆದ್ಮೇಲೆ, ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಕಪ್ಪು ಕಲೆ ನೋಡಿದಾಗ. ಹೋಗಿ ಕೇಳಿದ್ರೆ ಮೊದ್ಲೇ ಹಂಗಿತ್ತು ಸರ್ ಅಂದ್ರು, ಈಗ್ಲೂ ಅದು ನೆನಪಾದ್ರೆ ಬೇಜಾರಾಗುತ್ತೆ. ಹೊಸ ಥ್ರೆಡ್ ಹಾಕಿಕೊಟ್ಟ ನಮ್ಮ ಏರಿಯಾ ಮೆಕ್ಯಾನಿಕ್ಕೇ ಹೇಳಿದ್ದು, "ಇನ್ನು ಇದನ್ನ ಪದೇ ಪದೇ ಬಿಚ್ಚಬೇಡಿ ಸರ್, ಮೇಲಿಂದ ಎಳ್ಕೊಳ್ಳಿ ಸಾಕು" ಅಂತ.

ಆಗ ತಗೊಂಡಿದ್ದು ಇದು, 6.5 ಲೀಟರ್ ಟ್ಯಾಂಕು, ಮೇಲ್ಗಡೆ ಕೈಪಂಪು, ಎರಡು ಸೈಜ್ ಟ್ಯೂಬು. ಪಂಪ್ ಹೊಡೆದ್ರೆ ಟ್ಯಾಂಕ್ ಒಳಗಿನ ಗಾಳಿ ಹೊರಗೆ ಹೋಗುತ್ತೆ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಪೈಪಲ್ಲಿ ಇಳಿಸಿದ ಟ್ಯೂಬಿಂದ ಆಯಿಲ್ ತಾನಾಗೇ ಏರ್ಕೊಂಡು ಬರುತ್ತೆ, ಅಷ್ಟೇ.

ಭಾನುವಾರ ಬೆಳಗ್ಗೆ ಹಾಲು ತರೋ ನೆಪದಲ್ಲಿ ಕಾರನ್ನ ಹತ್ತು ನಿಮಿಷ ಓಡಿಸ್ಕೊಂಡು ಬರ್ತೀನಿ. ಆಯಿಲ್ ಬೆಚ್ಚಗಿದ್ರೇ ತೆಳ್ಳಗೆ ಹರಿಯೋದು, ತಳದಲ್ಲಿ ಕೂತಿರೋ ಗಸಿನೂ ಕದಡಿರುತ್ತೆ. ಹಾಗಂತ ಬಂದ ತಕ್ಷಣ ಕೈ ಹಾಕಲ್ಲ, ತುಂಬ ಬಿಸಿ ಇದ್ರೆ ಟ್ಯೂಬ್ ಮೆತ್ತಗಾಗಿ ಒಳಗೇ ಮಡಚ್ಕೊಳ್ಳುತ್ತೆ. ಒಂದು ಕಾಫಿ ಕುಡಿಯೋಷ್ಟು ಹೊತ್ತು ಬಾನೆಟ್ ತೆಗೆದಿಟ್ಟು ಆಮೇಲೆ ಸ್ಟೂಲ್ ಹಾಕ್ಕೊಂಡು ಕೂರ್ತೀನಿ. ಇಪ್ಪತ್ತು ಸಲ ಪಂಪ್ ಹೊಡೆದ್ರೆ ಬಿಳಿ ಟ್ಯೂಬ್ ಇದ್ದಕ್ಕಿದ್ದಂಗೆ ಕಪ್ಪಾಗುತ್ತಲ್ಲ, ಅದನ್ನ ನೋಡೋಕೆ ನನ್ನ ಮಗಳು ನಿದ್ದೆಯಿಂದ ಎದ್ದು ಬರ್ತಾಳೆ. ಟ್ಯಾಂಕಿನ ಗೆರೆ ನೋಡಿ ಎಷ್ಟು ಬಂತು ಅಂತ ಹೇಳೋದು, ಕಿಲೋಮೀಟರ್ ಜೊತೆ ಪುಸ್ತಕದಲ್ಲಿ ಬರೆದಿಡೋದು ಅವಳ ಕೆಲಸ.

ಮೊದಲನೇ ಸಲ ಮಾಡಿದ ತಪ್ಪು ಹೇಳಲೇಬೇಕು. ಟ್ಯೂಬ್ ಹೋದಷ್ಟೂ ತಳ್ಳಿದೆ, ಅದು ಸಂಪ್ ತಳಕ್ಕೆ ತಾಗಿ ಸುರುಳಿ ಸುತ್ಕೊಂಡು ತುದಿ ಆಯಿಲ್‌ಗಿಂತ ಮೇಲೆ ಬಂದುಬಿಟ್ಟಿದೆ. ಸೊರ್ ಅಂತ ಗಾಳಿ ಎಳೆಯೋ ಸದ್ದು ಬಂತು, ಮುಗೀತು ಅನ್ಕೊಂಡೆ, ಗೆರೆ ನೋಡ್ಲೇ ಇಲ್ಲ. ಹೊಸದು 3.5 ಲೀಟರ್ ಪೂರ್ತಿ ಸುರಿದು ಡಿಪ್‌ಸ್ಟಿಕ್ ಎತ್ತಿದ್ರೆ ಮ್ಯಾಕ್ಸ್ ಗೆರೆ ದಾಟಿ ಬೆರಳುದ್ದ ಮೇಲಿದೆ! ಹಂಗೇ ಓಡಿಸಿದ್ರೆ ಇಂಜಿನ್ ಒಳಗೆ ತಿರುಗೋ ಕ್ರ್ಯಾಂಕ್, ಆಯಿಲನ್ನ ಕಡೆದು ನೊರೆ ಮಾಡುತ್ತೆ. ಸ್ಟಾರ್ಟ್ ಮಾಡದೆ ಜಾಸ್ತಿ ಇದ್ದಿದ್ದನ್ನ ಇದೇ ಪಂಪಲ್ಲಿ ವಾಪಸ್ ಎಳೆದೆ. ಅವತ್ತಿಂದ ಡಿಪ್‌ಸ್ಟಿಕ್ ಎಷ್ಟು ಉದ್ದ ಇದೆಯೋ ಅಷ್ಟಕ್ಕೆ ಟ್ಯೂಬ್ ಮೇಲೆ ಕೆಂಪು ಟೇಪ್ ಸುತ್ತಿದೀನಿ, ಟೇಪ್ ದಾಟಿದ ಮೇಲೆ ಮೆಲ್ಲಗೆ ಇಳಿಸ್ತಾ ತಳ ತಾಗಿದ್ದು ಕೈಗೆ ಗೊತ್ತಾದ ಕೂಡ್ಲೇ ನಿಲ್ಲಿಸ್ತೀನಿ. ಗಾಳಿ ಸದ್ದು ಬಂದ್ರೂ ಹತ್ತು ನಿಮಿಷ ಬಿಟ್ಟು, ಟ್ಯೂಬನ್ನ ಸ್ವಲ್ಪ ತಿರುಗಿಸಿ ಮತ್ತೆ ಎಳೀತೀನಿ, ಆಗ ಇನ್ನೊಂದಿಷ್ಟು ಬಂದೇ ಬರುತ್ತೆ.

ಪೂರ್ತಿ ಬರುತ್ತಾ ಅನ್ನೋ ಅನುಮಾನ ನಂಗೂ ಇತ್ತು. ಕ್ಲಚ್ ಕೆಲಸಕ್ಕೆ ಕಾರ್ ಲಿಫ್ಟ್ ಮೇಲೆ ಹತ್ತಿದಾಗ ಮೊದ್ಲು ಪಂಪಲ್ಲಿ ಎಳೆದು, ಆಮೇಲೆ ಅದೊಂದೇ ಒಂದು ಸಲ ಮೆಕ್ಯಾನಿಕ್ ಕೈಯಲ್ಲೇ ಬೋಲ್ಟ್ ಬಿಚ್ಚಿಸಿ ನೋಡ್ದೆ, ಅರ್ಧ ಟೀ ಲೋಟದಷ್ಟು ಬಂತು. ನಂಗೆ ಅಷ್ಟು ಸಾಕು. ಆದ್ರೆ ಇದು ನನ್ನ ಕಾರಿನ ಲೆಕ್ಕ, ಸಂಪ್ ಆಕಾರ ಬೇರೆ ಇದ್ರೆ ಜಾಸ್ತಿನೂ ಉಳೀಬಹುದು, ಹಂಗಾಗಿ ಹೊರಗೆ ಬಂದಿದ್ದು ಎಷ್ಟು ಅಂತ ನೋಡದೆ ಹೊಸದು ಸುರೀಬೇಡಿ.

ಈಗ ಬೇಸರದ ವಿಷಯ. ಕಾರಡಿ ಹೋಗೋದೇ ಬೇಡ ಅಂತ ಜಾಹೀರಾತು ಹೇಳುತ್ತೆ, ಆದ್ರೆ ಆಯಿಲ್ ಜೊತೆ ಬದಲಿಸೋ ಫಿಲ್ಟರ್ ನನ್ನ ಕಾರಲ್ಲಿ ಇರೋದೇ ಕೆಳಗಡೆ. ಪ್ರತಿ ಸಲ ರ‍್ಯಾಂಪ್ ಹತ್ತಿಸಿ ಮಲಗಲೇಬೇಕು. ನಮ್ಮ ಭಾವನ ಡೀಸೆಲ್ ಕಾರಲ್ಲಿ ಫಿಲ್ಟರ್ ಮೇಲ್ಗಡೆನೇ ಇದೆ, ಅವರ ಕಾರಿನ ಕೆಲಸ ಅರ್ಧ ಗಂಟೆಗೆ ಮುಗಿಯುತ್ತೆ, ಷರ್ಟಿಗೆ ಒಂದು ಹನಿ ಬೀಳಲ್ಲ. ಹಂಗಾಗಿ ತಗೊಳೋಕೆ ಮುಂಚೆ ನಿಮ್ಮ ಫಿಲ್ಟರ್ ಎಲ್ಲಿದೆ ನೋಡಿ. ಕೆಲವು ಹೊಸ ಕಾರುಗಳಲ್ಲಂತೂ ಡಿಪ್‌ಸ್ಟಿಕ್ಕೇ ಇರಲ್ಲ, ಅದನ್ನೂ ನೋಡ್ಕೊಳ್ಳಿ.

ಮೂರನೇ ವರ್ಷಕ್ಕೆ ಪಂಪಿನ ಓ ರಿಂಗ್ ಒಣಗಿ ಸೀಳ್ತು, ಎಷ್ಟು ಹೊಡೆದ್ರೂ ಎಳೀಲೇ ಇಲ್ಲ, ಮಾರಿದವರ ಹತ್ರ ಸ್ಪೇರ್ ಇಲ್ಲ. 2,800 ರೂಪಾಯಿ ಸಾಮಾನು ಒಂದು ರಬ್ಬರ್ ಬಳೆಗೋಸ್ಕರ ಎಸೀಬೇಕಾ ಅಂತ ತುಂಬ ಸಂಕಟ ಆಯ್ತು. ಹಳೇದನ್ನ ಜೇಬಲ್ಲಿ ಇಟ್ಕೊಂಡು ಬೆಂಗಳೂರಿನ ಜೆ.ಸಿ. ರೋಡಲ್ಲಿ ಅಂಗಡಿ ಅಂಗಡಿ ತಿರುಗಿ ಅದೇ ಸೈಜಿಂದು ತಂದೆ, ಜೊತೆಗೆ ಒಂದು ಎಕ್ಸ್‌ಟ್ರಾ. ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದ ಮೇಲೆ ಹೊಸದರ ಥರಾನೇ ಎಳೀತಿದೆ.

ಹಳೇ ಆಯಿಲನ್ನ ಕ್ಯಾನಿಗೆ ತುಂಬಿ ಮೆಕ್ಯಾನಿಕ್‌ಗೇ ಕೊಡ್ತೀನಿ, ಅವರ ಹತ್ರ ರೀಸೈಕ್ಲಿಂಗ್‌ನವರು ಬಂದು ಡ್ರಮ್ಮುಗಟ್ಟಲೆ ತಗೊಂಡು ಹೋಗ್ತಾರೆ. ಪಕ್ಕದ ಸೈಟ್ ಮೇಸ್ತ್ರಿ ಸೆಂಟ್ರಿಂಗ್ ಹಲಗೆಗೆ ಬಳಿಯೋಕೆ ಕೇಳ್ತಾರೆ, ಊರಲ್ಲಿ ಗೆದ್ದಲಿಗೆ ಅಂತ ಮರಕ್ಕೆ ಬಳೀತಾರೆ, ನಾನು ಕೊಡಲ್ಲ. 2016ರ ನಿಯಮದಲ್ಲಿ ಇದು ಅಪಾಯಕಾರಿ ತ್ಯಾಜ್ಯ, ಮಣ್ಣಿಗೆ ನೀರಿಗೆ ಸೇರೋದು ಬೇಡ. ಮೋರಿಗಂತೂ ದಯವಿಟ್ಟು ಯಾರೂ ಸುರೀಬೇಡಿ.

ವರ್ಷಕ್ಕೆ ಎರಡು ಸಲ ಮಾಡೋ ನನಗೆ ಹಾಕಿದ ದುಡ್ಡು ಮೊದಲ ವರ್ಷವೇ ವಾಪಸ್ ಬಂತು. ಪಾರ್ಕಿಂಗಲ್ಲಿ ಕಲೆ ಮತ್ತೆ ಕಾಣಿಸ್ಲಿಲ್ಲ. ಟ್ಯೂಬಿನ ತುದಿ ಈಗ ಸೆಡೆದುಕೊಂಡು ಗಟ್ಟಿಯಾಗಿದೆ, ಮುಂದಿನ ಸಲಕ್ಕೆ ಹೊಸ ಟ್ಯೂಬ್ ತಂದು ಮತ್ತೆ ಕೆಂಪು ಟೇಪ್ ಸುತ್ತಬೇಕು.