ಅಗ್ಗದ ಆ್ಯಂಗಲ್ ಗ್ರೈಂಡರ್ ಕೊಳ್ಳುವ ಮುನ್ನ

ರಿಯಾಯಿತಿ ಅಂಗಡಿಗಳ ಉಪಕರಣಗಳನ್ನೆಲ್ಲ ಸಾರಾಸಗಟಾಗಿ ದೂರುವವನು ನಾನಲ್ಲ. ಕ್ಲ್ಯಾಂಪು, ಅಳತೆ ಟೇಪು, ಬಣ್ಣದ ಬ್ರಷ್ಷು ಮುಂತಾದವನ್ನು ಅಂಥ ಕಡೆಯಿಂದಲೇ ತಂದು ಇಂದಿಗೂ ನೆಮ್ಮದಿಯಾಗಿ ಬಳಸುತ್ತಿದ್ದೇನೆ. ಆದರೆ ಅಂಥದೇ ಅಂಗಡಿಯಿಂದ ತಂದ 100 ಮಿ.ಮೀ. ಆ್ಯಂಗಲ್ ಗ್ರೈಂಡರ್ (ವೇಗವಾಗಿ ತಿರುಗುವ ಡಿಸ್ಕಿನಿಂದ ಲೋಹವನ್ನು ಕತ್ತರಿಸುವ, ಉಜ್ಜುವ ಕೈಯಂತ್ರ) ಕೆಲಸದ ನಡುವೆ ಕೈಕೊಟ್ಟ ಬಗೆಯನ್ನು, ಮನೆಯಲ್ಲೇ ಸಣ್ಣಪುಟ್ಟ ಕಬ್ಬಿಣದ ಕೆಲಸ ಮಾಡಿಕೊಳ್ಳುವ ಹವ್ಯಾಸಿಗಳು ತಿಳಿದಿರಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಪಾಟೊಂದರ ಆಧಾರಕ್ಕೆ ಬೇಕಾದ ಆ್ಯಂಗಲ್ ಪಟ್ಟಿಯನ್ನು (L ಆಕಾರದ ಕಬ್ಬಿಣದ ಪಟ್ಟಿ) ಮೇಜಿನ ಹಿಡಿಕ್ಕಳವಾದ ವೈಸಿನಲ್ಲಿ ಬಿಗಿದು ಕತ್ತರಿಸುತ್ತಿದ್ದೆ. ಯಂತ್ರದ ಅದುರಾಟಕ್ಕೆ ಡಿಸ್ಕಿನ ಗಾರ್ಡ್ ಸಡಿಲಗೊಂಡು, ನನ್ನ ಕಡೆಗಿದ್ದ ಮರೆ ಮೆಲ್ಲಗೆ ಆಚೆಗೆ ತಿರುಗಿಕೊಂಡಿತು; ಕಿಡಿಗಳು ಮುಂಗೈಗೆ ಬಡಿದಾಗಲೇ ಅದು ಗೊತ್ತಾದದ್ದು. ಕೂಡಲೇ ಸ್ವಿಚ್ಚಿನ ಗುಂಡಿಯನ್ನು ಹಿಂದಕ್ಕೆ ಎಳೆದೆ. ಗುಂಡಿ ಹಿಂದಕ್ಕೆ ಬಂತು, ಯಂತ್ರ ಮಾತ್ರ ನಿಲ್ಲಲಿಲ್ಲ. ತಿರುಗುತ್ತಿರುವ ಗ್ರೈಂಡರನ್ನು ಕೆಳಗಿಡುವಂತಿಲ್ಲ, ಒಂದು ಕೈ ಬಿಟ್ಟು ಪ್ಲಗ್ ಕೀಳಲು ಹೋಗುವಂತೆಯೂ ಇಲ್ಲ. ಒಳಗಿದ್ದವರನ್ನು ಕೂಗಿ ಕರೆದು, ಗೋಡೆಯ ಸ್ವಿಚ್ ಆರಿಸುವವರೆಗೆ ಅದನ್ನು ಎರಡೂ ಕೈಗಳಲ್ಲಿ ಮೈಯಿಂದ ದೂರ ಹಿಡಿದು ನಿಂತಿರಬೇಕಾಯಿತು. ಕೈಗವಸು ಮತ್ತು ಸುರಕ್ಷಾ ಕನ್ನಡಕ ಇದ್ದುದರಿಂದ ಮುಂಗೈಯ ಮೇಲೆ ಕೆಲವು ಸುಟ್ಟ ಚುಕ್ಕೆಗಳಿಗಷ್ಟೇ ಮುಗಿಯಿತು.

ಈ ಅಳತೆಯ ಗ್ರೈಂಡರುಗಳು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ. ಆ ವೇಗದಲ್ಲಿ 100 ಮಿ.ಮೀ. ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ. ಡಿಸ್ಕು ಸೀಳಿದರೆ ಚೂರುಗಳು ಹಾರುವುದೂ ಅದೇ ವೇಗದಲ್ಲಿಯೇ. ಆದ್ದರಿಂದ ಗಾರ್ಡನ್ನು ಕಿಡಿ ತಡೆಯುವ ತಗಡು ಎಂದಷ್ಟೇ ತಿಳಿಯುವುದು ಸರಿಯಲ್ಲ. ಮುಖಕ್ಕೂ ಆ ಚೂರುಗಳಿಗೂ ನಡುವೆ ಇರುವುದು ಅದೊಂದೇ.

ಅನಂತರ ಯಂತ್ರವನ್ನು ಬಿಚ್ಚಿ ನೋಡಿದೆ. ಇಂಥ ಗ್ರೈಂಡರುಗಳಲ್ಲಿ ನಿಜವಾದ ಸ್ವಿಚ್ ಇರುವುದು ಹಿಂಬದಿಯಲ್ಲಿ. ಬೆರಳಿಗೆ ಸಿಗುವ ಗುಂಡಿಗೂ ಅದಕ್ಕೂ ನಡುವೆ ಉದ್ದನೆಯ ಪ್ಲಾಸ್ಟಿಕ್ ಕಡ್ಡಿಯೊಂದು ಇರುತ್ತದೆ. ನನ್ನ ಯಂತ್ರದಲ್ಲಿ ಆ ಕಡ್ಡಿಯ ತುದಿಯ ಕೊಕ್ಕೆ ಮೋಟಾರಿನ ಬಿಸಿಗೆ ಮೆತ್ತಗಾಗಿ ಬಾಗಿ, ಸ್ವಿಚ್ಚಿನಿಂದ ಕಳಚಿಕೊಂಡಿತ್ತು. ಹೀಗಾಗಿ ಗುಂಡಿ ಎತ್ತ ಸರಿದರೂ ಒಳಗಿನ ಸ್ವಿಚ್ ‘ಆನ್’ ಸ್ಥಿತಿಯಲ್ಲೇ ಉಳಿದಿತ್ತು. ಗಾರ್ಡಿನ ಪಟ್ಟಿಯಂತೂ ಬೆರಳಿನಿಂದ ಒತ್ತಿದರೆ ಬಾಗುವಷ್ಟು ತೆಳು. ಅದನ್ನು ಬಿಗಿಯುವ ಸ್ಕ್ರೂವಿನ ಥ್ರೆಡ್ಡುಗಳು ಆಗಲೇ ಸವೆದುಹೋಗಿದ್ದವು. ಗಾರ್ಡ್ ತಾನಾಗಿ ತಿರುಗದಂತೆ ತಡೆಯಲು ಒಳ್ಳೆಯ ಯಂತ್ರಗಳಲ್ಲಿ ಇರುವ ಹಲ್ಲು ಅಥವಾ ಕಚ್ಚು ಇದರಲ್ಲಿ ಹೆಸರಿಗೂ ಇರಲಿಲ್ಲ. ಹೊರಗಿನ ಬಣ್ಣ ಮತ್ತು ಹಿಡಿಕೆಗೆ ಪಟ್ಟಷ್ಟು ಶ್ರಮವನ್ನು ಈ ಎರಡು ಭಾಗಗಳಿಗೆ ಪಟ್ಟಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಪೆಟ್ಟಿಗೆಯಲ್ಲಿ ಉಚಿತವೆಂದು ಕೊಟ್ಟಿದ್ದ ಡಿಸ್ಕುಗಳ ಕಥೆ ಇನ್ನೂ ಚಿಂತೆಗೀಡುಮಾಡುವಂಥದ್ದು. ಅವುಗಳ ಮೇಲೆ ಗರಿಷ್ಠ ವೇಗವನ್ನೇ ಅಚ್ಚು ಹಾಕಿರಲಿಲ್ಲ. ಒಳ್ಳೆಯ ಕಟಿಂಗ್ ಡಿಸ್ಕಿನ ಮೇಲೆ ಅದು ತಾಳಬಲ್ಲ ಗರಿಷ್ಠ ಸುತ್ತುಗಳ ಸಂಖ್ಯೆ ಇದ್ದೇ ಇರುತ್ತದೆ, ಮತ್ತು ಆ ಸಂಖ್ಯೆ ಯಂತ್ರದ ವೇಗಕ್ಕಿಂತ ಕಡಿಮೆ ಇರಕೂಡದು. ಉದಾಹರಣೆಗೆ, 230 ಮಿ.ಮೀ. ಡಿಸ್ಕುಗಳ ಮಿತಿ ಸಾಮಾನ್ಯವಾಗಿ ನಿಮಿಷಕ್ಕೆ 6,600 ಸುತ್ತು. ಗಾರ್ಡ್ ತೆಗೆದು ಅಂಥ ದೊಡ್ಡ ಡಿಸ್ಕನ್ನು ಸಣ್ಣ ಯಂತ್ರಕ್ಕೆ ಸಿಕ್ಕಿಸುವವರಿದ್ದಾರೆ. ಅದು ಪ್ರಾಣದ ಜೊತೆ ಚೆಲ್ಲಾಟ. ರಾಳದಿಂದ ಬೆಸೆದ ಡಿಸ್ಕುಗಳು ತೇವ ತಾಗಿ, ಹಳತಾಗಿ ಬಲ ಕಳೆದುಕೊಳ್ಳುವುದರಿಂದ ನಡುವಿನ ಲೋಹದ ಬಳೆಯ ಮೇಲೆ ಬಳಕೆಯ ಕೊನೆಯ ತಿಂಗಳು ಮತ್ತು ವರ್ಷವನ್ನೂ ಒತ್ತಿರುತ್ತಾರೆ. ನನಗೆ ಸಿಕ್ಕ ಡಿಸ್ಕುಗಳಲ್ಲಿ ಆ ಬಳೆ ನುಣ್ಣಗೆ ಖಾಲಿಯಾಗಿತ್ತು.

ಅಂಗಡಿಯವರ ಉತ್ತರವನ್ನು ಊಹಿಸುವುದು ಕಷ್ಟವಲ್ಲ: ಬಿಚ್ಚಿದ ಯಂತ್ರವನ್ನು ಹಿಂದಕ್ಕೆ ಪಡೆಯುವುದಿಲ್ಲವಂತೆ. ಬಿಚ್ಚದೆ ಇದ್ದಿದ್ದರೆ ದೋಷ ಎಲ್ಲಿದೆಯೆಂದು ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಅಗ್ಗದ ಸ್ಕ್ರೂ ಡ್ರೈವರಿನ ತುದಿ ಸವೆದರೆ ಹಾಳಾಗುವುದು ಒಂದು ಸ್ಕ್ರೂ. ಸ್ಪ್ಯಾನರಿನ ಬಾಯಿ ಅಗಲಿದರೆ ನಟ್ಟಿನ ಮೂಲೆಗಳು ಸವೆದು ಗೆಣ್ಣು ತರಚಬಹುದು. ಸಹಿಸಿಕೊಳ್ಳಬಹುದಾದ ನಷ್ಟ ಅದು. ವೇಗವಾಗಿ ತಿರುಗುವ, ಭಾರ ಹೊರುವ ಅಥವಾ ವಿದ್ಯುತ್ತನ್ನು ಮುಟ್ಟುವ ಉಪಕರಣದ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ವೋಲ್ಟೇಜ್, ಕರೆಂಟ್ ಮುಂತಾದವನ್ನು ಅಳೆಯುವ ಅಗ್ಗದ ಮಲ್ಟಿಮೀಟರುಗಳನ್ನೇ ನೋಡಿ. ಹಲವುದರಲ್ಲಿ ಕರೆಂಟ್ ಅಳೆಯಲು ತಂತಿ ಸಿಕ್ಕಿಸುವ 10 ಆಂಪಿಯರ್ ತೂತಿನ ಪಕ್ಕದಲ್ಲೇ ಅದಕ್ಕೆ ಫ್ಯೂಸ್ ಇಲ್ಲವೆಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ತಂತಿಯನ್ನು ಮರೆತು ಆ ತೂತಿನಲ್ಲೇ ಬಿಟ್ಟು ಮನೆಯ ವಿದ್ಯುತ್ತಿನ ವೋಲ್ಟೇಜ್ ಅಳೆಯಹೊರಟರೆ, ಮೀಟರ್ ಕೈಯಲ್ಲೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಇಂಥ ಗ್ರೈಂಡರ್ ಈಗಾಗಲೇ ನಿಮ್ಮ ಬಳಿ ಇದ್ದರೆ, ಪ್ಲಗ್ ಹಾಕದೆ ಮೊದಲು ಗಾರ್ಡನ್ನು ಪೂರ್ತಿ ಬಿಗಿದು ಕೈಯಿಂದ ಬಲವಾಗಿ ತಿರುಗಿಸಿ ನೋಡಿ. ಅದು ಅಲುಗಿದರೆ ಆ ಯಂತ್ರವನ್ನು ಬಳಸಲೇಬೇಡಿ. ಗುಂಡಿಯನ್ನು ಸರಿಸಿದಾಗ ಹಿಂಬದಿಯಲ್ಲಿ ಸ್ವಿಚ್ಚಿನ ‘ಟಕ್’ ಸದ್ದು ಪ್ರತಿ ಸಲವೂ ಸ್ಪಷ್ಟವಾಗಿ ಕೇಳಬೇಕು. ಜೊತೆಗೆ ಬಂದ ಡಿಸ್ಕಿನ ಮೇಲೆ ವೇಗವನ್ನಾಗಲಿ ದಿನಾಂಕವನ್ನಾಗಲಿ ನಮೂದಿಸದಿದ್ದರೆ, ಇನ್ನೊಬ್ಬರ ಕೈಗೆ ಸಿಗದಂತೆ ಮುರಿದು ಎಸೆಯಿರಿ.