ಪೋರ್ಚುಗಲ್ ಫುಟ್‌ಬಾಲ್ ಟ್ರಯಲ್ ಪ್ಯಾಕೇಜ್: ದುಡ್ಡು ಕಟ್ಟುವ ಮೊದಲು ಓದಿ

ಕಾರವಾರ, ಸದಾಶಿವಗಡ, ಮಾಜಾಳಿ ಕಡೆಯ ಹುಡುಗರು ಈ ವಿಷಯ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಒಂದೇ ಸಲ ಬರೆಯೋಣ ಅಂತ ಕೂತಿದ್ದೇನೆ. ನಾನು ಹೋಗಿದ್ದು ಒಂದು ಏಜೆನ್ಸಿಯ 'ಯುರೋಪ್ ಟ್ರಯಲ್' ಪ್ಯಾಕೇಜ್‌ನಲ್ಲಿ, ಪೋರ್ಚುಗಲ್‌ಗೆ. ಟ್ರಯಲ್ ಅಂದರೆ ಕ್ಲಬ್‌ನವರ ಮುಂದೆ ಆಡಿ ತೋರಿಸುವುದು, ಇಷ್ಟವಾದರೆ ಅವರು ತಂಡಕ್ಕೆ ತೆಗೆದುಕೊಳ್ಳುತ್ತಾರೆ. ಏಜೆನ್ಸಿ ಹೆಸರು ಹಾಕುತ್ತಿಲ್ಲ. ಇದೇ ತರದ ಪ್ಯಾಕೇಜ್ ಮಾರುವವರು ಈಗ ಬೇಕಾದಷ್ಟು ಜನ ಇದ್ದಾರೆ, ಎಲ್ಲರ ಬ್ರೋಶರ್ ಕೂಡ ಹೆಚ್ಚುಕಡಿಮೆ ಒಂದೇ.

ತರಬೇತಿಗೆ ಐದರಲ್ಲಿ ನಾಲ್ಕು ಸ್ಟಾರ್. ಊಟ, ವಸತಿಗೆ ಮೂರೂವರೆ. ಟ್ರಯಲ್‌ಗೆ ಒಂದು. ಟ್ರಯಲ್ ಅಂತಲೇ ದುಡ್ಡು ತೆಗೆದುಕೊಂಡಿದ್ದರಿಂದ ಒಟ್ಟು ಎರಡಕ್ಕಿಂತ ಜಾಸ್ತಿ ಕೊಡಲು ಮನಸ್ಸು ಬರುತ್ತಿಲ್ಲ.

ನನ್ನ ಆಟದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಡಿಫೆನ್ಸಿವ್ ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಡಿಫೆಂಡರ್‌ಗಳ ಸ್ವಲ್ಪ ಮುಂದೆ ನಿಂತು ಆಡುತ್ತೇನೆ. ಕಲಿತಿದ್ದು ಕಾರವಾರದ ಮಾಲಾದೇವಿ ಮೈದಾನದಲ್ಲಿ, ಆಮೇಲೆ ಬೆಳಗಿನ ರೈಲು ಹಿಡಿದು ಮಡಗಾಂವ್ ಕಡೆ ಹೋಗಿ ಅಲ್ಲಿನ ಒಂದು ಕ್ಲಬ್‌ಗೆ ಆಡಿದೆ. ನಮ್ಮ ಕಡೆ ಫುಟ್‌ಬಾಲ್ ಹುಚ್ಚು ಇರುವವರಿಗೆ ಇದೇ ದಾರಿ ಅಲ್ವಾ? ಬೆಂಗಳೂರಿಗಿಂತ ಗೋವಾ ಹತ್ತಿರ.

ಪ್ಯಾಕೇಜ್ ಬೆಲೆ ₹4.5 ಲಕ್ಷ. ಆಯಿ ಸೊಸೈಟಿಯಲ್ಲಿ ಚಿನ್ನ ಇಟ್ಟು ಅರ್ಧ ಹೊಂದಿಸಿದರು, ಉಳಿದದ್ದು ನನ್ನ ದುಡಿಮೆ. ವೀಸಾ ಫೀ ಇದರಲ್ಲಿ ಸೇರಿಲ್ಲ, ಅದು 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಷೆಂಗೆನ್ ವೀಸಾ (ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕೊಡುವುದಿಲ್ಲ, ಅದೂ ನಮ್ಮದೇ ಖರ್ಚು. ವೀಸಾ ಅರ್ಜಿಗೆ ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜೂ ನಮ್ಮದೇ. ಇದನ್ನೆಲ್ಲ ದುಡ್ಡು ಕಟ್ಟಿದ ಮೇಲೆ ಹೇಳಿದರು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ನಿಜವಾಗಿಯೂ ಒಳ್ಳೆಯದಿತ್ತು. ಲಿಸ್ಬನ್‌ನಲ್ಲಿ ಹೊಳೆ ದಾಟಿದರೆ ದಕ್ಷಿಣದ ದಂಡೆ, ಅಲ್ಲಿ ನಮ್ಮ ಕ್ಯಾಂಪ್. ಬೆಳಿಗ್ಗೆ ಒಂದು ಸೆಷನ್, ಸಂಜೆ ಒಂದು. ಆರ್ಟಿಫಿಶಿಯಲ್ ಟರ್ಫ್‌ಗೆ ಮೊದಲೇ ನೀರು ಹೊಡೆದಿರುತ್ತಾರೆ, ಚೆಂಡು ನೆಲಕ್ಕೆ ಅಂಟಿಕೊಂಡು ಸರ್ರನೆ ಬರುತ್ತದೆ. ಮಳೆಗಾಲದ ನಮ್ಮ ಕೆಸರಿನಲ್ಲಿ ಚೆಂಡು ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ನಾವು ಓಡಿ ಹೋಗಿ ತೆಗೆದುಕೊಳ್ಳುವುದು ರೂಢಿ. ಅಲ್ಲಿ ಓಡಿ ಹೋದರೆ ಚೆಂಡು ಆಗಲೇ ಕಾಲು ದಾಟಿ ಹೋಗಿರುತ್ತದೆ.

ಎರಡನೇ ದಿನವೇ ಕೋಚ್ ಆಟ ನಿಲ್ಲಿಸಿ ನನ್ನ ಹತ್ತಿರ ಬಂದರು. ಐವತ್ತು ದಾಟಿದ ಮನುಷ್ಯ, ಇಂಗ್ಲಿಷ್ ಅಷ್ಟಕ್ಕಷ್ಟೇ. ನನ್ನ ಎರಡೂ ಭುಜ ಹಿಡಿದು ಸ್ವಲ್ಪ ಓರೆಯಾಗಿ ತಿರುಗಿಸಿ ನಿಲ್ಲಿಸಿದರು. ಅಲ್ಲಿಯವರೆಗೂ ಡಿಫೆಂಡರ್ ಪಾಸ್ ಕೊಟ್ಟಾಗ ನಾನು ಅವನ ಕಡೆಗೇ ನೇರ ಮುಖ ಮಾಡಿ, ಹತ್ತಿರದ ಕಾಲಲ್ಲಿ ತೆಗೆದುಕೊಳ್ಳುತ್ತಿದ್ದೆ. ಹಾಗೆ ನಿಂತರೆ ಬೆನ್ನ ಹಿಂದೆ ಯಾರಿದ್ದಾರೆ ಗೊತ್ತಾಗುವುದಿಲ್ಲ, ಚೆಂಡನ್ನು ವಾಪಸ್ ಕೊಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಓರೆ ನಿಂತು ದೂರದ ಕಾಲಲ್ಲಿ ತೆಗೆದುಕೊಂಡರೆ ಮೊದಲ ಟಚ್‌ನಲ್ಲೇ ಮುಂದಕ್ಕೆ ತಿರುಗಿರುತ್ತೀರಿ. ಚೆಂಡು ಬರುವ ಮೊದಲು ಎರಡು ಸಲ ಹಿಂದೆ ತಿರುಗಿ ನೋಡು ಅಂತ ಬೆರಳು ತೋರಿಸಿ ಹೇಳಿದರು, ನೋಡದಿದ್ದರೆ ಸೀಟಿ ಊದಿ ಮತ್ತೆ ಮೊದಲಿಂದ. ಇಷ್ಟು ವರ್ಷ ಆಡಿದ್ದೇನೆ, ಇದನ್ನು ಇಷ್ಟು ಬಿಡಿಸಿ ಯಾರೂ ಕಲಿಸಿರಲಿಲ್ಲ. ಈಗ ಮಾಲಾದೇವಿಯಲ್ಲಿ ಚಿಕ್ಕ ಹುಡುಗರಿಗೆ ಮೊದಲು ಇದನ್ನೇ ಹೇಳಿಕೊಡುತ್ತಿದ್ದೇನೆ.

ಶೂ ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಹುಲ್ಲು ಮತ್ತು ಕೆಸರಿಗೆ ಹಾಕುವ ಉದ್ದ ಸ್ಟಡ್ (ಶೂ ಅಡಿಯ ಮೊಳೆ) ಅಲ್ಲಿ ಬೇಡ. ಟರ್ಫ್‌ನಲ್ಲಿ ಸ್ಟಡ್ ಸಿಕ್ಕಿಕೊಂಡು, ದೇಹ ತಿರುಗಿದರೂ ಪಾದ ತಿರುಗುವುದಿಲ್ಲ, ಪೂರ್ತಿ ಭಾರ ಮೊಣಕಾಲಿಗೆ. ನಮ್ಮ ಗುಂಪಿನ ಒಬ್ಬ ಮೊದಲ ವಾರವೇ ಮೊಣಕಾಲು ಊದಿಸಿಕೊಂಡು ಕೂತ. ಆರ್ಟಿಫಿಶಿಯಲ್ ಟರ್ಫ್‌ಗೆಂದೇ ಮಾಡಿದ, ಚಿಕ್ಕ ಸ್ಟಡ್‌ನ 'ಏಜಿ' ಶೂ ಇಲ್ಲಿಂದಲೇ ತೆಗೆದುಕೊಂಡು, ಒಂದಷ್ಟು ದಿನ ಹಾಕಿ ಪಳಗಿಸಿಕೊಂಡು ಹೋಗಿ. ಊಟದ ಚಿಂತೆ ನಮ್ಮ ಕಡೆಯವರಿಗೆ ಬೇಡ. ಅನ್ನ ಸಿಗುತ್ತದೆ, ಸುಟ್ಟ ಮೀನು ಸಿಗುತ್ತದೆ, ಖಾರ ಮಾತ್ರ ಇಲ್ಲ.

ಈಗ ಟ್ರಯಲ್.

ಬ್ರೋಶರ್‌ನಲ್ಲಿ 'ವೃತ್ತಿಪರ ಕ್ಲಬ್‌ಗಳ ಸ್ಕೌಟ್‌ಗಳ ಮುಂದೆ ಪಂದ್ಯಗಳು' ಅಂತ ಇತ್ತು. ಸ್ಕೌಟ್ ಅಂದರೆ ಕ್ಲಬ್‌ಗೆ ಆಟಗಾರರನ್ನು ಹುಡುಕುವವರು. ನಾವು ಆಡಿದ್ದು ಜಿಲ್ಲಾ ಲೀಗ್ ತಂಡಗಳ ಜೊತೆ ಫ್ರೆಂಡ್ಲಿ. ಪೋರ್ಚುಗಲ್‌ನಲ್ಲಿ ಮೇಲೆ ಪ್ರಿಮೇರಾ ಲೀಗ್, ಅದರ ಕೆಳಗೆ ಎರಡನೇ ಲೀಗ್, 2021ರಲ್ಲಿ ಶುರುವಾದ ಲೀಗಾ 3, ಆಮೇಲೆ ಕಾಂಪೆಯೊನಾಟೊ ದೆ ಪೋರ್ಚುಗಲ್, ಇವೆಲ್ಲದರ ಕೆಳಗೆ ಜಿಲ್ಲಾ ಲೀಗ್‌ಗಳು. ಅಲ್ಲಿ ಆಡುವವರಲ್ಲಿ ಹಗಲು ಬೇರೆ ಕೆಲಸ ಮಾಡಿ ಸಂಜೆ ಆಡಲು ಬರುವವರೇ ಜಾಸ್ತಿ. ಅವರ ಆಟ ಕಡಿಮೆ ಅಂತಲ್ಲ, ನಮ್ಮನ್ನು ಚೆನ್ನಾಗಿಯೇ ಓಡಿಸಿದರು. ಆದರೆ ಸಂಬಳ ಕೊಟ್ಟು ಹೊರದೇಶದವನನ್ನು ಕರೆಸಿಕೊಳ್ಳುವ ಜಾಗ ಅದಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಸಮಯದ್ದು. ನಮ್ಮನ್ನು ಕರೆದುಕೊಂಡು ಹೋಗಿದ್ದು ಅಕ್ಟೋಬರ್ ಕೊನೆಗೆ. ಅಲ್ಲಿ ವೃತ್ತಿಪರ ಕ್ಲಬ್‌ಗಳು ಹೊಸ ಆಟಗಾರರನ್ನು ನೋಂದಾಯಿಸುವ ಬೇಸಿಗೆ ಅವಧಿ ('ವಿಂಡೊ') ಅಷ್ಟು ಹೊತ್ತಿಗೆ ಮುಚ್ಚಿರುತ್ತದೆ, ಮತ್ತೆ ತೆರೆಯುವುದು ಜನವರಿಗೆ. ಅಂಥ ಕ್ಲಬ್‌ನ ಕೋಚ್‌ಗೆ ಎಷ್ಟೇ ಇಷ್ಟವಾದರೂ ಸಾಮಾನ್ಯವಾಗಿ ಆವತ್ತು ನೋಂದಾಯಿಸುವ ಹಾಗಿಲ್ಲ. ತಂಡ ಕಟ್ಟುವುದು ಜುಲೈನ ಪ್ರೀ ಸೀಸನ್‌ನಲ್ಲಿ, ಅಂದರೆ ಲೀಗ್ ಶುರುವಾಗುವ ಮೊದಲಿನ ತಯಾರಿಯಲ್ಲಿ. ಅಕ್ಟೋಬರ್‌ನಲ್ಲಿ ಟಿಕೆಟ್ಟು, ರೂಮು ಅಗ್ಗ, ಅದಕ್ಕೇ ಆ ತಿಂಗಳು ಇಟ್ಟಿದ್ದು ಅಂತ ನನ್ನ ಅನಿಸಿಕೆ.

ಒಂದು ಪಂದ್ಯ ಆದ ಮೇಲೆ ಎದುರು ತಂಡದ ಕೋಚ್ ನನ್ನನ್ನೂ ಗೋವಾದ ಸಾಸಷ್ಟಿ ಕಡೆಯ ಇನ್ನೊಬ್ಬ ಹುಡುಗನನ್ನೂ ಕರೆದರು. ಮೊದಲು ಕೇಳಿದ್ದು ಪಾಸ್‌ಪೋರ್ಟ್ ಯಾವುದು ಅಂತ. ಆಮೇಲೆ ವಯಸ್ಸು, ಆಮೇಲೆ ಪೂರ್ತಿ ಪಂದ್ಯದ ವಿಡಿಯೊ. ಆ ಹುಡುಗನ ಹತ್ತಿರ ಪೋರ್ಚುಗಲ್ ಪಾಸ್‌ಪೋರ್ಟೇ ಇತ್ತು. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ, ಅಂದರೆ 1961ರ ಡಿಸೆಂಬರ್ 19ಕ್ಕೆ ಮೊದಲು, ಅಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳಿಗೆ ಆ ಪೌರತ್ವ ಪಡೆಯುವ ದಾರಿ ಇದೆ. ನಮ್ಮ ಕಾರವಾರದಿಂದ ಗೋವಾದ ಪೋಳೆಂ ಗಡಿ ಬೈಕ್‌ನಲ್ಲಿ ಅರ್ಧ ಗಂಟೆಯೂ ಅಲ್ಲ, ಆದರೆ ನಾವಿದ್ದದ್ದು ಬ್ರಿಟಿಷರ ಬಾಂಬೆ ಪ್ರಾಂತ್ಯದಲ್ಲಿ. ಮಾತು, ಮೀನು, ಮದುವೆ ಸಂಬಂಧ ಎಲ್ಲ ಆಚೆ ಈಚೆ ಇದ್ದರೂ ಕಾಗದ ಮಾತ್ರ ಬೇರೆ. ಅವನನ್ನು ಜಿಲ್ಲಾ ಲೀಗ್‌ನ ಹವ್ಯಾಸಿ ತಂಡಕ್ಕೆ ಉಳಿಸಿಕೊಂಡರು. ಅದಕ್ಕೆ ಅವನು ತೆತ್ತ ಬೆಲೆಯೂ ಸಣ್ಣದಲ್ಲ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ, ಅವನು ನಮ್ಮ ಪಾಸ್‌ಪೋರ್ಟ್ ಬಿಟ್ಟುಕೊಟ್ಟಾಗಿದೆ. ನನಗೆ ಕೋಚ್ ಮುಖ ನೋಡಿಯೇ ಹೇಳಿದರು: "ನೀನು ಚೆಂಡು ಕಿತ್ತುಕೊಳ್ಳುವ ರೀತಿ ಇಷ್ಟ ಆಯ್ತು. ಆದರೆ ನಿನ್ನ ಕಾಗದಪತ್ರಕ್ಕೆ ಓಡಾಡಬೇಕು ಅಂದರೆ ನೀನು ಇಲ್ಲಿರುವವರಿಗಿಂತ ತುಂಬಾ ಮೇಲಿರಬೇಕು." ಇಡೀ ಪ್ರವಾಸದಲ್ಲಿ ಸಿಕ್ಕ ನಿಜವಾದ ಟ್ರಯಲ್ ಅಂದರೆ ಆ ಐದು ನಿಮಿಷ. ಆ ಮನುಷ್ಯನ ಮೇಲೆ ನನಗೆ ಗೌರವ ಇದೆ.

ವೀಸಾ ಬಗ್ಗೆ ಏಜೆನ್ಸಿಯವರು ಹೇಳಿದ್ದು, "ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗಿ, ಕ್ಲಬ್ ಸಿಕ್ಕರೆ ಅಲ್ಲೇ ಕೂತು ರೆಸಿಡೆನ್ಸ್ ಮಾಡಿಸಿಕೊಳ್ಳಬಹುದು" ಅಂತ. ಪೋರ್ಚುಗಲ್‌ನಲ್ಲಿ ಮೊದಲು ಹಾಗೊಂದು ದಾರಿ ಇದ್ದದ್ದು ನಿಜ, 2024ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನದಲ್ಲಿ 90 ದಿನ ಇರಬಹುದು, ಅಷ್ಟೇ. ಕ್ಲಬ್ ಒಪ್ಪಿದರೂ ಊರಿಗೆ ವಾಪಸ್ ಬಂದು ಸರಿಯಾದ ವೀಸಾಕ್ಕೆ ಅರ್ಜಿ ಹಾಕಬೇಕು. ಮುಚ್ಚಿಹೋದ ದಾರಿಯನ್ನು ತೋರಿಸಿ ದುಡ್ಡು ತೆಗೆದುಕೊಂಡಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿದ ವಿಷಯ.

ಬ್ರೋಶರ್‌ನ ಮೊದಲ ಪುಟದಲ್ಲೇ ಸುನಿಲ್ ಛೆಟ್ರಿ ಫೋಟೊ ಹಾಕಿದ್ದಾರೆ. ಛೆಟ್ರಿ 2012ರಲ್ಲಿ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್‌ನ ಬಿ ತಂಡಕ್ಕೆ ಹೋದರು, ಹೌದು. ಅಷ್ಟು ಹೊತ್ತಿಗೆ ಅವರು ಭಾರತ ತಂಡದ ದೊಡ್ಡ ಹೆಸರು, ಅಮೆರಿಕದ ಕಾನ್ಸಾಸ್ ಸಿಟಿಯಲ್ಲೂ ಇದ್ದು ಬಂದಿದ್ದರು. ಅದಕ್ಕೂ ಮೊದಲು, 2009ರಲ್ಲಿ, ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರನ್ನು ತೆಗೆದುಕೊಳ್ಳಲು ತಯಾರಿತ್ತು. ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರೊಳಗೆ ಇಲ್ಲ ಅನ್ನುವ ಕಾರಣಕ್ಕೆ ಬ್ರಿಟನ್ ವರ್ಕ್ ಪರ್ಮಿಟ್ ಕೊಡಲಿಲ್ಲ. ಛೆಟ್ರಿಗೇ ಕಾಗದ ಅಡ್ಡ ಬಂದಿದೆ ಅನ್ನುವುದನ್ನು ಆ ಬ್ರೋಶರ್‌ನಲ್ಲಿ ಎಲ್ಲೂ ಬರೆದಿಲ್ಲ.

ಹಾಗಂತ ಯಾರೂ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆಟದ ಮೇಲೆ ಆಸೆ ಇಟ್ಟವನಿಗೆ ಹಾಗೆ ಹೇಳುವುದು ನನ್ನಿಂದ ಆಗುವುದೂ ಇಲ್ಲ. ಆದರೆ ಮೊದಲು ಇಲ್ಲಿನ ಕೆಲಸ ಮುಗಿಸಿ. ಗೋವಾದಲ್ಲೋ ಬೆಂಗಳೂರು ಸೂಪರ್ ಡಿವಿಷನ್‌ನಲ್ಲೋ ಒಂದು ಸೀಸನ್ ಪೂರ್ತಿ ಆಡಿ, 90 ನಿಮಿಷದ ಪಂದ್ಯಗಳ ವಿಡಿಯೊ ಇಟ್ಟುಕೊಳ್ಳಿ. ಹಾಡು ಹಾಕಿ ಗೋಲು ಮಾತ್ರ ಜೋಡಿಸಿದ ಕ್ಲಿಪ್ ಅಲ್ಲಿನ ಕೋಚ್‌ಗಳು ಪೂರ್ತಿ ನೋಡುವುದೂ ಇಲ್ಲ, ಚೆಂಡು ಇಲ್ಲದಾಗ ನೀವು ಎಲ್ಲಿ ನಿಂತಿರುತ್ತೀರಿ ಅನ್ನುವುದೇ ಅವರಿಗೆ ಬೇಕು. ಎಐಎಫ್‌ಎಫ್‌ನ (ಭಾರತದ ಫುಟ್‌ಬಾಲ್ ಒಕ್ಕೂಟ) ಸಿಆರ್‌ಎಸ್‌ನಲ್ಲಿ, ಅಂದರೆ ಆಟಗಾರರ ಆನ್‌ಲೈನ್ ನೋಂದಣಿಯಲ್ಲಿ, ನಿಮ್ಮ ಹೆಸರು ಯಾವ ಕ್ಲಬ್ ಕೆಳಗಿದೆ ನೋಡಿಕೊಳ್ಳಿ. ಹೊರದೇಶದ ಕ್ಲಬ್ ನಿಮ್ಮನ್ನು ನೋಂದಾಯಿಸಬೇಕಾದರೆ ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್ (ಒಂದು ದೇಶದಿಂದ ಇನ್ನೊಂದಕ್ಕೆ ಆಡಲು ಹೋಗುವವನ ವರ್ಗಾವಣೆ ಪತ್ರ) ಬೇಕೇ ಬೇಕು, ಹಳೆ ಕ್ಲಬ್ ಜೊತೆ ತಕರಾರು ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಏಜೆಂಟ್ ಅಂತ ಹೇಳಿಕೊಳ್ಳುವವರ ಹೆಸರನ್ನು ಫಿಫಾ ವೆಬ್‌ಸೈಟ್‌ನಲ್ಲಿ ಹುಡುಕಿ. 2023ರಿಂದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರ ಪಟ್ಟಿ ಅಲ್ಲೇ ಇದೆ. ನಿಜವಾದ ಏಜೆಂಟ್‌ಗೆ ದುಡ್ಡು ಬರುವುದು ನಿಮಗೆ ಕಾಂಟ್ರ್ಯಾಕ್ಟ್ ಆದ ಮೇಲೆ, ಅದರಲ್ಲಿ ಒಂದು ಪಾಲಾಗಿ. ಮೊದಲೇ ಲಕ್ಷಗಟ್ಟಲೆ ಕೇಳುವವರು ಪ್ರವಾಸ ಮಾಡಿಸುವವರು. ಲೈಸೆನ್ಸ್ ಎಲ್ಲಿ ಅಂತ ನಾನು ಕೇಳಿದ್ದಕ್ಕೆ "ನಮ್ಮ ಪಾರ್ಟ್‌ನರ್ ಹತ್ತಿರ ಇದೆ" ಅಂದರು, ಪಾರ್ಟ್‌ನರ್ ಹೆಸರು ಇವತ್ತಿಗೂ ಕೊಟ್ಟಿಲ್ಲ.

ತಂದೆತಾಯಂದಿರಿಗೆ ಒಂದು ಮಾತು. ಮಗನಿಗೆ 18 ಆಗಿಲ್ಲದಿದ್ದರೆ ಈ ಪ್ಯಾಕೇಜ್‌ಗಳ ಕಡೆ ತಲೆ ಹಾಕಲೇಬೇಡಿ. 18ರೊಳಗಿನವರನ್ನು ಬೇರೆ ದೇಶದ ಕ್ಲಬ್‌ಗೆ ನೋಂದಾಯಿಸುವುದನ್ನು ಫಿಫಾ ನಿಯಮ ತಡೆಯುತ್ತದೆ. ಇರುವ ಕೆಲವೇ ವಿನಾಯಿತಿಗಳು, ಉದಾಹರಣೆಗೆ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಮನೆಯವರೇ ಆ ದೇಶಕ್ಕೆ ಹೋಗಿ ನೆಲೆಸುವುದು, ನಮ್ಮಂಥವರಿಗೆ ಹೊಂದುವುದೇ ಅಪರೂಪ. 2023ರ ಜೂನ್‌ನಲ್ಲಿ ಇದೇ ಪೋರ್ಚುಗಲ್‌ನ ಉತ್ತರ ಭಾಗದಲ್ಲಿ ಒಂದು ಅಕಾಡೆಮಿ ಮೇಲೆ ದಾಳಿ ಮಾಡಿ, ಹೊರದೇಶಗಳಿಂದ ಕರೆತಂದಿದ್ದ ಎಷ್ಟೋ ಹುಡುಗರನ್ನು ಅಧಿಕಾರಿಗಳು ಹೊರತಂದರು. ನಮ್ಮ ಗುಂಪಿನಲ್ಲೂ 17ರ ಒಬ್ಬ ಇದ್ದ. ಅವನಿಂದಲೂ ಪೂರ್ತಿ ದುಡ್ಡು ತೆಗೆದುಕೊಂಡಿದ್ದರು, ಯಾವ ಕ್ಲಬ್ಬೂ ಅವನನ್ನು ನೋಂದಾಯಿಸುವ ಹಾಗಿಲ್ಲ ಅಂತ ಅವನ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಇಷ್ಟರ ಮೇಲೂ ದುಡ್ಡು ಕಟ್ಟುವುದಾದರೆ ಯಾವ ತಿಂಗಳು, ಯಾವ ಲೀಗ್‌ನ ಯಾವ ಕ್ಲಬ್, ಆ ಕ್ಲಬ್ ಕಳಿಸಿದ ಪತ್ರ ಎಲ್ಲಿ, ವೀಸಾ ಯಾವುದು, ಏಜೆಂಟ್ ಹೆಸರೇನು, ಇಷ್ಟನ್ನೂ ವಾಟ್ಸಾಪ್‌ನಲ್ಲೇ ಕೇಳಿ. ಫೋನ್ ಮಾಡಿ ಹೇಳುತ್ತೇವೆ ಅಂದರೆ ಒಪ್ಪಬೇಡಿ, ಬರೆದೇ ಕಳಿಸಲಿ.